ಕಪ್ಪೆ ಏರಿ ಬರುವ ಮಳೆ, ಮೊದಲೇ ಕಟ್ಟುವ ಕಂತು

"ಈ ಸಲ ಮಿರಗಾ ಮಳಿ ಏನ್ ಏರಿ ಬರ್ತೈತ್ರಿ ಅಜ್ಜಾರ?"

ಮೇ ತಿಂಗಳ ಕೊನೆಗೆ ಹಾನಗಲ್ಲಿನ ಚಹಾದಂಗಡಿಯಲ್ಲೋ, ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೋ ಈ ಪ್ರಶ್ನೆ ಎದ್ದರೆ ಯಾರೂ ನಗುವುದಿಲ್ಲ. ಪಂಚಾಂಗ ಬಲ್ಲ ಹಿರಿಯರು ಕನ್ನಡಕ ಏರಿಸಿ ಪುಟ ತಿರುವುತ್ತಾರೆ. ಕಪ್ಪೆ ಎಂದರೆ ಕೂತವರ ಮುಖ ಅರಳುತ್ತದೆ, ಆನೆ ಎಂದರೂ ಸೈ. ಕತ್ತೆ ಎಂದರೆ ಮಾತ್ರ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಅಷ್ಟಾದ ಮೇಲೆ ಅದೇ ಜನ ಎದ್ದು ಒಳಗೆ ಹೋಗಿ ಮೆಕ್ಕೆಜೋಳದ ಬೀಜದ ಚೀಲ ಹೊತ್ತು ತರುತ್ತಾರೆ. ಕತ್ತೆಯ ವರ್ಷವೆಂದು ಬಿತ್ತನೆ ಬಿಟ್ಟವರು ಹಾವೇರಿ ಸೀಮೆಯಲ್ಲಿ ಸಿಗುವುದು ಕಷ್ಟ.

ಮಳೆ ಏರಿ ಬರುವ ಪ್ರಾಣಿಯ, ಅಂದರೆ ಅದರ ವಾಹನದ, ಲೆಕ್ಕ ಕೇಳಿದರೆ ಸರಳ. ಸೂರ್ಯ ಹೊಸ ನಕ್ಷತ್ರಕ್ಕೆ ಕಾಲಿಡುವ ಹೊತ್ತಿಗೆ ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ಎಂದು ನೋಡಬೇಕು. ಸೂರ್ಯನಿರುವ ನಕ್ಷತ್ರದಿಂದ ಚಂದ್ರನಿರುವ ನಕ್ಷತ್ರದವರೆಗೆ ಎಣಿಸಿ, ಬಂದ ಸಂಖ್ಯೆಯನ್ನು 9ರಿಂದ ಭಾಗಿಸಬೇಕು. ಉಳಿದ ಶೇಷಕ್ಕೆ ಒಂದೊಂದು ಪ್ರಾಣಿ: ಕುದುರೆ, ನರಿ, ಕಪ್ಪೆ, ಟಗರು, ನವಿಲು, ಇಲಿ, ಕೋಣ, ಕತ್ತೆ. ಏನೂ ಉಳಿಯದಿದ್ದರೆ ಆನೆ. ಈ ಲೆಕ್ಕದಲ್ಲಿ ಮೋಡವೂ ಇಲ್ಲ, ಗಾಳಿಯೂ ಇಲ್ಲ. ಮೇಲಾಗಿ ಸೂರ್ಯ ಚಂದ್ರರು ಎಲ್ಲರಿಗೂ ಒಂದೇ ಆದ್ದರಿಂದ, ಮಲೆನಾಡಿನ ಸೆರಗಿಗೆ ತಾಗಿಕೊಂಡ ಹಾನಗಲ್ಲಿಗೂ ಎರೆಭೂಮಿಯ ಸವಣೂರಿಗೂ ಒಂದೇ ಕಪ್ಪೆ ಬರಬೇಕು. ಬರುವ ಮಳೆ ಮಾತ್ರ ಒಂದೇ ಅಲ್ಲವೆಂದು ಎರಡೂ ಊರಿನವರಿಗೆ ಚೆನ್ನಾಗಿ ಗೊತ್ತು.

ಆದರೆ ಪಂಚಾಂಗವನ್ನು ಪೂರ್ತಿ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಮಳೆ ನಕ್ಷತ್ರಗಳ ಪಟ್ಟಿ ಸೂರ್ಯನ ಚಲನೆಯ ಮೇಲೆ ನಿಂತದ್ದು. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮೇ ಕೊನೆಯ ವಾರ, ಜನರ ಬಾಯಲ್ಲಿ ಮಿರಗಾ ಆದ ಮೃಗಶಿರ ಜೂನ್ 7-8ರ ಸುಮಾರು, ಆರಿದ್ರ ಜೂನ್ 21-22. ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಕು. ಯಾವ ಮಳೆಗೆ ಹೊಲ ಹರಗಬೇಕು, ಯಾವ ಮಳೆಗೆ ಬಿತ್ತಬೇಕು, ಯಾವ ಮಳೆ ತಪ್ಪಿದರೆ ಬೆಳೆ ಬದಲಿಸಬೇಕು ಎಂಬ ತಲೆಮಾರುಗಳ ಅನುಭವ ಅದರಲ್ಲಿ ಕೂಡಿಟ್ಟಿದೆ. ಅದೊಂದು ಕೃಷಿ ಕ್ಯಾಲೆಂಡರು. ಕಪ್ಪೆ-ಕತ್ತೆಯ ಲೆಕ್ಕ ಅದರ ಬೆನ್ನೇರಿ ಬಂದ ಚೀಟಿ ಎತ್ತುವ ಆಟ. ಎರಡೂ ಒಂದೇ ಪುಟದಲ್ಲಿ ಅಚ್ಚಾಗುವುದರಿಂದ ಎರಡಕ್ಕೂ ಒಂದೇ ಮರ್ಯಾದೆ ಸಿಕ್ಕಿಬಿಟ್ಟಿದೆ.

ಹಾಗೆಂದು ಹವಾಮಾನ ಇಲಾಖೆಯ ಮಾತು ರೈತನ ಹೊಲಕ್ಕೆ ನೇರ ಮುಟ್ಟುತ್ತದೆಯೇ? ಇಡೀ ದೇಶಕ್ಕೆ ನೈಋತ್ಯ ಮುಂಗಾರಿನ ದೀರ್ಘಾವಧಿ ಸರಾಸರಿ 87 ಸೆಂಟಿಮೀಟರ್; ಅದರ ಶೇ 96ರಿಂದ 104ರೊಳಗೆ ಬಿದ್ದರೆ ವಾಡಿಕೆ ಮಳೆ. ಬಂಕಾಪುರದ ಕಡೆ ನಾಲ್ಕೆಕರೆ ಇರುವವನಿಗೆ ಈ 87 ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂಬುದೇ ಬೇಕಾದದ್ದು. 2023 ಇದಕ್ಕೆ ಸರಿಯಾದ ಉದಾಹರಣೆ. ಜೂನ್ ಒಣಗಿತು. ಜುಲೈಯಲ್ಲಿ ಸುರಿದ ಸುರಿತಕ್ಕೆ ಸವಣೂರಿನ ದೊಡ್ಡಹುಣಸೆ ಮಠದ ಮೂರು ದೈತ್ಯ ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ಆಫ್ರಿಕಾ ಮೂಲದ ಬಾವೊಬಾಬ್ ಜಾತಿಯ ಆ ಮರಗಳನ್ನು ನೋಡಲೆಂದೇ ದೂರದೂರದಿಂದ ಜನ ಬರುತ್ತಿದ್ದರು. ಅದಾದ ಮರು ತಿಂಗಳು, ಆಗಸ್ಟ್, ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಎನಿಸಿತು. ವರ್ಷ ಮುಗಿಯುವುದರೊಳಗೆ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದವು. ಮರ ಬಿದ್ದದ್ದು ಮಳೆಗೆ, ಬೆಳೆ ಒಣಗಿದ್ದು ಮಳೆಯಿಲ್ಲದೆ. ಇಂಥ ವರ್ಷ ಯಾವ ಪ್ರಾಣಿ ಏರಿ ಬಂದಿದ್ದರೂ ಹೆಸರು ಉಳಿಸಿಕೊಳ್ಳುತ್ತಿರಲಿಲ್ಲ.

ಅಂದಹಾಗೆ ಬಿದ್ದ ಮರವನ್ನು ವಿಧಿ ಎಂದು ಕಡಿದು ಕಟ್ಟಿಗೆ ಮಾಡಲಿಲ್ಲ. ಕ್ರೇನ್ ತರಿಸಿ ಎತ್ತಿ ಮತ್ತೆ ನೆಟ್ಟರು.

ಎಲ್ಲಿ ಕೈ ಹಾಕುವುದು, ಎಲ್ಲಿ ವಿಧಿಗೆ ಬಿಡುವುದು ಎಂಬ ಲೆಕ್ಕ ಎಲ್ಲ ಕಡೆಯೂ ಇದ್ದದ್ದೇ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಬೆಸ್ತರನ್ನು ಗಮನಿಸಿದ್ದ. ದ್ವೀಪದ ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅವರು ಯಾವ ಮಂತ್ರದ ಗೊಡವೆಗೂ ಹೋಗುತ್ತಿರಲಿಲ್ಲ. ತೆರೆದ ಕಡಲಿಗೆ ದೋಣಿ ಇಳಿಸುವಾಗ ಮಂತ್ರ, ತಾಯಿತ, ವಿಧಿ ಎಲ್ಲವೂ ಹೊರಬರುತ್ತಿದ್ದವು. ಕೈಯಲ್ಲಿ ಹಿಡಿತವಿದ್ದಲ್ಲಿ ಕೌಶಲ, ಹಿಡಿತ ತಪ್ಪಿದಲ್ಲಿ ದೇವರು. ಹಾವೇರಿ ಜಿಲ್ಲೆಯಲ್ಲಿ ಈ ಮಾತು ಅರ್ಧ ಹೊಂದುತ್ತದೆ. ಧರ್ಮಾ ಜಲಾಶಯದ ಕಾಲುವೆ, ಹಳೆಯ ಕೆರೆಗಳು ಇರುವ ಹಾನಗಲ್ಲಿನ ಗದ್ದೆಯವನಿಗೆ ಮೋಡದ ಚಿಂತೆ ಸವಣೂರಿನ ಒಣಬೇಸಾಯದವನಿಗಿಂತ ಒಂದು ತೂಕ ಕಡಿಮೆ. ಆದರೆ ಅವನು ಕಾಲುವೆಯ ಕೊನೆಯಲ್ಲಿದ್ದರೆ ಚಿಂತೆ ಆಕಾಶದಿಂದ ನೀರಾವರಿ ಇಲಾಖೆಯ ಗೇಟಿಗೆ ಇಳಿಯುತ್ತದೆ, ಅಷ್ಟೇ. ಆ ಗೇಟಿನ ಮುಂದೆ ಯಾವ ಮಂತ್ರ ಹೇಳಬೇಕೋ ಮಾಲಿನೋವ್ಸ್ಕಿ ಬರೆದಿಟ್ಟಿಲ್ಲ.

ಕೊಳವೆಬಾವಿ ಮಾತ್ರ ಈ ಸೀಮೆಯ ತೆರೆದ ಕಡಲು. ನೆಲದಡಿ ಗಟ್ಟಿ ಬಂಡೆ. ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಬಿರುಕು ತಾಗಿತೋ ಗೆದ್ದ, ಹತ್ತು ಮಾರು ಆಚೆ ಕೊರೆದರೆ ಬರೀ ಧೂಳು. ಬೋರ್ ಲಾರಿ ಬರುವ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರು ಬರುತ್ತಾರೆ. ಕಾಯಿ ಎದ್ದು ನಿಂತ ಜಾಗಕ್ಕೆ ಕಲ್ಲು ಗುರುತು. ಅದೇ ರೈತ ಯಂತ್ರ ಹಿಡಿದು ಬರುವ ಭೂವಿಜ್ಞಾನದವರನ್ನೂ ಕರೆಸುತ್ತಾನೆ, ಇಬ್ಬರೂ ತೋರಿಸಿದ ಜಾಗ ಹತ್ತಿರ ಹತ್ತಿರ ಬಂದರೆ ಕೊರೆಸುತ್ತಾನೆ. ನೀರು ಬಿದ್ದರೆ ಕಾಯಿ ಹಿಡಿದವನ ಹೆಸರು ಊರೂರಿಗೆ ಹೋಗುತ್ತದೆ. ಬೀಳದಿದ್ದರೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ, ಹೊಲದವನ ಹಣೆಬರಹವೇ ಸರಿಯಿರಲಿಲ್ಲ. ತಪ್ಪಿನ ಲೆಕ್ಕ ಬರೆಯುವವರೇ ಇಲ್ಲದ ಮೇಲೆ ಯಾವ ವಿದ್ಯೆ ಸೋತೀತು?

ದೇವರನ್ನು ನೇರವಾಗಿ ಕೇಳುವ ದಾರಿಯೂ ಇದೆ. ಗುಡಿಯಲ್ಲಿ ಪೂಜಾರಿ ಹೂವನ್ನೋ ಪತ್ರೆಯನ್ನೋ ನೀರಿನಲ್ಲಿ ಅದ್ದಿ ದೇವರ ಮೈಗೆ ಅಂಟಿಸುತ್ತಾರೆ. ಬಂದವರು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಎದುರು ಕೂರಬೇಕು. ಮಗಳನ್ನು ಈ ಮನೆಗೆ ಕೊಡಲೇ? ಹುಡುಗನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಲೇ? ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಕೆಲವೊಮ್ಮೆ ಯಾವುದೂ ಬೀಳುವುದಿಲ್ಲ, ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಆ ಹೊತ್ತಿನಲ್ಲಿ ನಡೆಯುವ ಕೆಲಸವೇ ಮುಖ್ಯವೆಂದು ತೋರುತ್ತದೆ. ಗಂಡ ಹೆಂಡತಿ, ಅಣ್ಣ ತಮ್ಮ ಒಂದೇ ಪ್ರಶ್ನೆಯ ಮುಂದೆ, ಜಗಳವಿಲ್ಲದೆ, ಫೋನು ನೋಡದೆ ಕೂರುವ ಇನ್ನೊಂದು ಜಾಗ ಈಗ ಮನೆಯಲ್ಲಿ ಉಳಿದಿಲ್ಲ. ಎಡಗಡೆಯ ಹೂ ಬಿದ್ದಾಗ "ಇನ್ನೊಮ್ಮೆ ಕೇಳ್ರಿ ಅಜ್ಜಾರ" ಎನ್ನುವವರೂ ಇದ್ದಾರೆ, ಅಂಥವರ ನಿರ್ಧಾರ ಮನೆಯಿಂದ ಹೊರಡುವಾಗಲೇ ಆಗಿರುತ್ತದೆ. ಆಸ್ಪತ್ರೆಯ ಪ್ರಶ್ನೆಗೆ ಮಾತ್ರ ಹೂವಿನ ಮುಂದೆ ಕೂರಬಾರದು. ಅಲ್ಲಿ ಕಳೆಯುವ ಒಂದೊಂದು ಗಂಟೆಗೂ ಬೆಲೆಯಿದೆ.

ಇಂಥ ನಂಬಿಕೆಗಳ ನಡುವೆ ಕಾನೂನೂ ಒಂದು ಗೆರೆ ಎಳೆದಿದೆ. ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಮೈಗೆ ಮಾನಕ್ಕೆ ಕುತ್ತು ತರುವ ಆಚರಣೆಗಳನ್ನು ಅದು ನಿಷೇಧಿಸುತ್ತದೆ. ಜ್ಯೋತಿಷ, ವಾಸ್ತು ಅದರ ಹೊರಗೆ. ಸರ್ಕಾರವೂ ಎಲ್ಲಿ ಕೈ ಹಾಕಬಾರದೆಂದು ಪಂಚಾಂಗ ನೋಡಿಯೇ ನಿರ್ಧರಿಸಿದಂತಿದೆ.

ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾಂವಿ, ಈ ನಾಲ್ಕು ತಾಲ್ಲೂಕುಗಳ ಹಳೆಯ ಕಥೆಗಳನ್ನು ಕೆದಕಿದರೆ ಒಂದು ಸ್ವಭಾವ ಎದ್ದು ಕಾಣುತ್ತದೆ: ಇಲ್ಲಿನವರು ನಂಬುತ್ತಾರೆ, ಆದರೆ ಪರೀಕ್ಷೆ ಮಾಡಿ ನಂಬುತ್ತಾರೆ, ಕಾಗದವನ್ನೂ ಕೇಳುತ್ತಾರೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವೊಂದಿದೆ. ಜೈನರೊಡನೆ ಪಂತ ಕಟ್ಟಿದ ಏಕಾಂತದ ರಾಮಯ್ಯ ತನ್ನ ಶಿರಸ್ಸನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆದನೆಂದು ಅದು ಹೇಳುತ್ತದೆ. ಪವಾಡವನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಕುತೂಹಲದ ಸಂಗತಿ ಅದರ ಮುಂದಿನದು: ವಿವಾದ ದೊರೆ ಬಿಜ್ಜಳನ ಆಸ್ಥಾನಕ್ಕೆ ಹೋಗುತ್ತದೆ, ರಾಮಯ್ಯನಿಗೆ ಜಯಪತ್ರ ಸಿಗುತ್ತದೆ. ಮುಂದೆ ಹಾನಗಲ್ಲಿನ ಕದಂಬ ಕಾಮದೇವ ದತ್ತಿ ಕೊಡುತ್ತಾನೆ. ತಲೆ ಕೊಟ್ಟು ತಲೆ ಪಡೆದವನಿಗೂ ಕೊನೆಗೆ ಸಹಿ ಮಾಡಿದ ಪತ್ರ ಬೇಕಾಯಿತು.

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿ ದೊಡ್ಡದೋ ರಾಗಿ ದೊಡ್ಡದೋ ಎಂಬ ಜಗಳ ತಂದರು. ರಾಮ ತೀರ್ಪು ಹೇಳುವ ಅವಸರ ಮಾಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಕೆಡದೆ ಉಳಿದದ್ದು ರಾಗಿ. ಹುಟ್ಟಿನಿಂದಲೇ ಹಿರಿಮೆ ಬರುತ್ತದೆ ಎಂದ ಅಕ್ಕಿಯ ವಾದ ಕಣಜದಲ್ಲೇ ಹುಳಿತುಹೋಯಿತು. ಅದೇ ಕನಕರು 'ನಳಚರಿತ್ರೆ'ಯನ್ನೂ ಬರೆದರು, ಪಗಡೆಯಲ್ಲಿ ರಾಜ್ಯ ಕಳೆದುಕೊಂಡು ಅಡುಗೆಯವನಾದ ದೊರೆಯ ಕಥೆ. ನಳನೂ ಕೈಕಟ್ಟಿ ಕೂರಲಿಲ್ಲ. ಬೇರೆಯವರ ಮನೆಯ ಒಲೆ ಮುಂದೆ ನಿಂತು ದುಡಿದ.

ಹಣೆಬರಹದ ಮಾತು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಹಾನಗಲ್ ತಾಲ್ಲೂಕಿಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ. ಅಲ್ಲಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಹುಡುಗ ಹುಟ್ಟಿದ. ಹುಟ್ಟುಕುರುಡು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡವರ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ಹಿಂದಿನ ಜನ್ಮದ ಕರ್ಮ ಎಂದು ಊರು ಒಂದೇ ಮಾತಿನಲ್ಲಿ ಕಡತ ಮುಚ್ಚುತ್ತಿದ್ದ ಕಾಲ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಆ ಕಡತ ತೆರೆದರು. 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿ ಹತ್ತಿರ ಶಿವಯೋಗ ಮಂದಿರವನ್ನು ಕಟ್ಟಿದವರು ಅವರು. ಕರ್ಮಸಿದ್ಧಾಂತವನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಹುಡುಗರ ಕಂಠ ಕೇಳಿದ ಮೇಲೆ ಅವರು ಮಾಡಿದ್ದು ಶಾಂತಿ ಹೋಮವಲ್ಲ. ಸಂಗೀತ ಕಲಿಸುವ ಏರ್ಪಾಡು. ಗುರುಗಳನ್ನು ಹುಡುಕಿದರು, ಊಟ ವಸತಿಗೆ ವ್ಯವಸ್ಥೆ ಮಾಡಿದರು, ವರ್ಷಗಟ್ಟಲೆ ಕಾದರು.

ಆ ಗದಿಗೆಯ್ಯನೇ ಕರ್ನಾಟಕಿ ಮತ್ತು ಹಿಂದುಸ್ತಾನಿ ಎರಡರಲ್ಲೂ ಪಳಗಿದ ಪಂಚಾಕ್ಷರಿ ಗವಾಯಿ. ಅವರು ತಮ್ಮಂಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು, ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿ ನೆಲೆ ನಿಂತರು, 1944ರಲ್ಲಿ ತೀರಿಕೊಂಡರು. ಅವರ ಕೈಗೆ ಬಂದ ಇನ್ನೊಬ್ಬ ಹುಡುಗ, 1914ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿ ಕೂಸಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸಿ, ಆಶ್ರಮಕ್ಕಾಗಿ ನಾಟಕ ಕಂಪನಿ ನಡೆಸಿ, ಪದ್ಮಭೂಷಣ ಪಡೆದು 2010ರಲ್ಲಿ ಕಣ್ಮುಚ್ಚಿದಾಗ ಗದಗಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಣ್ಯಾಶ್ರಮಕ್ಕೆ ಇಂದಿಗೂ ಕಣ್ಣಿಲ್ಲದ ಮಕ್ಕಳನ್ನು ತಂದೆತಾಯಿ ಕೈಹಿಡಿದು ಕರೆತರುತ್ತಾರೆ. ಅವರ ಬಾಯಲ್ಲೂ "ನಮ್ಮ ಹಣ್ಯಾಗ ಬರದಿದ್ದು" ಎಂಬ ಮಾತೇ ಇರುತ್ತದೆ, ಆದರೆ ಅದನ್ನು ಹೇಳುತ್ತಲೇ ಹೆಸರು ನೋಂದಾಯಿಸುತ್ತಾರೆ.

ಹರಕೆಯ ಕಟ್ಟುಪಾಡೂ ಇಂಥದೇ ಚುರುಕಿನದು. ಸಂತ ಶಿಶುನಾಳ ಶರೀಫರು 1819ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿದ್ದು ಹುಲಗೂರಿನ ಖಾದರ ಶಾ ವಲಿಯವರ ಕೃಪೆಯಿಂದ ಎಂಬುದು ಜನರ ನಂಬಿಕೆ. ಇಂದಿಗೂ ಆ ದರ್ಗಾಕ್ಕೆ, ಶಿಶುನಾಳದ ಗದ್ದುಗೆಗೆ, ಹಾನಗಲ್ಲಿನ ತಾರಕೇಶ್ವರನಿಗೆ, ಸವಣೂರಿನ ಸತ್ಯಬೋಧರ ವೃಂದಾವನಕ್ಕೆ ಹರಕೆ ಹೊತ್ತವರು ಬರುತ್ತಾರೆ. ಒಂದೇ ಮನೆಯವರು ಎರಡು ಮೂರು ಕಡೆ ಹೊತ್ತಿರುವುದೂ ಉಂಟು. ಇದರ ಷರತ್ತು ನೋಡಿ: ಕೆಲಸ ಮೊದಲು, ಸಂದಾಯ ಆಮೇಲೆ. ಮಗು ಹುಟ್ಟಿದರೆ ತೊಟ್ಟಿಲು, ಕಾಯಿಲೆ ವಾಸಿಯಾದರೆ ದೀಡ ನಮಸ್ಕಾರ, ಬೆಳೆ ಬಂದರೆ ಒಂದು ಚೀಲ ಜೋಳ. ಕೆಲಸವಾಗದಿದ್ದರೆ ಭಕ್ತನ ಜೇಬಿನಿಂದ ಒಂದು ಕಾಸೂ ಹೋಗುವುದಿಲ್ಲ.

ಬೆಳೆವಿಮೆ ಇದರ ತಿರುವುಮುರುವು. 2016ರ ಮುಂಗಾರಿನಿಂದ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತ ಮೊದಲು ಕಂತು ಕಟ್ಟಬೇಕು. ಮುಂಗಾರಿನ ಭತ್ತ, ಮೆಕ್ಕೆಜೋಳಕ್ಕೆ ವಿಮಾ ಮೊತ್ತದ ಶೇ 2, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5. ಬೆಳೆ ಹೋದರೆ ಹಣ ಬರುತ್ತದೆ, ಆದರೆ ಅವನೊಬ್ಬನ ಬೆಳೆ ಹೋದರೆ ಸಾಲದು. ಮುಖ್ಯ ಬೆಳೆಗಳಿಗೆ ಲೆಕ್ಕದ ಘಟಕ ಗ್ರಾಮ ಪಂಚಾಯತಿ. ಚೀಟಿ ಎತ್ತಿದಂತೆ ಕೆಲವು ಸರ್ವೆ ನಂಬರ್ ಆರಿಸಿ, ಅಲ್ಲಿ ಅಳತೆ ಹಾಕಿ ಬೆಳೆ ಕಟಾವು ಪ್ರಯೋಗ ನಡೆಸುತ್ತಾರೆ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿ ತೆಗೆದು, ಅದರಲ್ಲಿ ನಿಗದಿಯಾದ ಪಾಲನ್ನು ಗೆರೆಯೆಂದು ಹಿಡಿಯುತ್ತಾರೆ. ಪಂಚಾಯತಿಯ ಸರಾಸರಿ ಇಳುವರಿ ಆ ಗೆರೆಯ ಕೆಳಗಿದ್ದರೆ ಎಲ್ಲರಿಗೂ ಪರಿಹಾರ, ಮೇಲಿದ್ದರೆ ಯಾರಿಗೂ ಇಲ್ಲ. ಕೆರೆಯ ಕೆಳಗಿನ ನಾಲ್ಕು ಹೊಲ ಚೆನ್ನಾಗಿ ಬಂದು ಪ್ರಯೋಗಕ್ಕೆ ಅವೇ ಸಿಕ್ಕರೆ ದಿಬ್ಬದ ಮೇಲಿನವನ ಕಥೆ ಮುಗಿಯಿತು. ಪಕ್ಕದ ಪಂಚಾಯತಿಗೆ ಹಣ ಬಂತು, ನಮಗೆ ಬರಲಿಲ್ಲ, ನಡುವೆ ಇರುವುದು ಒಂದು ಬದು. ಇದನ್ನೂ ಜನ ಹಣೆಬರಹದ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ.

ಅಲ್ಲೇ ತೊಂದರೆ. ಮಳೆ ಬಾರದ್ದಕ್ಕೆ ಯಾರನ್ನೂ ಕೇಳಲಾಗದು, ಆ ದುಃಖವನ್ನು ವಿಧಿಯ ತಲೆಗೆ ಕಟ್ಟಿ ರಾತ್ರಿ ನಿದ್ದೆ ಮಾಡಿದರೆ ಅದರಲ್ಲಿ ತಪ್ಪೇನಿಲ್ಲ. ಮೊಳೆಯದ ಬೀಜಕ್ಕೆ, ಸಿಗದ ಗೊಬ್ಬರಕ್ಕೆ, ಬಾರದ ವಿಮೆಗೆ ಉತ್ತರ ಹೇಳಬೇಕಾದವರು ಇದ್ದಾರೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ಮೃಗಶಿರ ಹೊಕ್ಕು ಎರಡು ಮೂರು ದಿನ, ಬಿತ್ತನೆಯ ಹೊತ್ತು. ಅವತ್ತು ಸಾಲಿನಲ್ಲಿ ನಿಂತವರು ಹಣೆಬರಹ ಎಂದು ಮನೆಗೆ ಮರಳುವವರಲ್ಲ. ಲಾರಿ ಎಲ್ಲಿ ಎಂದು ಕೇಳುವವರು.

ವಿಮೆಯಲ್ಲೂ ಕೇಳುವ ಜಾಗಗಳಿವೆ, ಬಳಕೆಯಾಗುವುದು ಕಡಿಮೆ. ಆಲಿಕಲ್ಲು ಬಿದ್ದಂಥ ಸ್ಥಳೀಯ ಅನಾಹುತಕ್ಕೆ ಪಂಚಾಯತಿಯ ಸರಾಸರಿ ಕಾಯಬೇಕಿಲ್ಲ, ಆಯಾ ಹೊಲವನ್ನೇ ನೋಡಬೇಕೆಂಬ ನಿಯಮವಿದೆ. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಹಾಳಾದರೂ ಹಾಗೆಯೇ. ದೀಪಾವಳಿಯ ಆಸುಪಾಸಿನಲ್ಲಿ ಸ್ವಾತಿ ಮಳೆ ಸುರಿದು ಕೊಯ್ದ ಭತ್ತ ನೀರಲ್ಲಿ ತೇಲುವುದು ಹಾನಗಲ್ಲಿಗೆ ಹೊಸತಲ್ಲ. ಆದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಬೇಕು: ಸರ್ವೆ ನಂಬರ್, ಬೆಳೆ, ಹಾಳಾದ ತಾರೀಕು. ಮೊದಲ ದಿನ ತೆನೆ ಎತ್ತಿ ಬದುವಿಗೆ ಹಾಕುವುದರಲ್ಲಿ ಹೋಗುತ್ತದೆ, ಎರಡನೆಯ ದಿನ ನೆಂಟರು ನೋಡಲು ಬಂದು "ದೇವ್ರ ಕೊಟ್ಟಿದ್ದ, ದೇವ್ರ ಒಯ್ದ" ಎಂದು ಸಮಾಧಾನ ಹೇಳುತ್ತಾರೆ, ಮೂರನೆಯ ದಿನ ಭಾನುವಾರವೋ ಹಬ್ಬದ ರಜೆಯೋ ಆಗಿ ರೈತ ಸಂಪರ್ಕ ಕೇಂದ್ರಕ್ಕೆ ಬೀಗ ಬಿದ್ದಿರುತ್ತದೆ. ಫೋನಿನಲ್ಲೂ ದೂರು ಕೊಡಬಹುದೆಂಬುದು ಆ ಬೀಗದ ಮುಂದೆ ನಿಂತವರಲ್ಲಿ ಹಲವರಿಗೆ ಗೊತ್ತಿರುವುದಿಲ್ಲ.